ಅಳತೆ ಪುಸ್ತಕದ ಹಿಂದಿನ ಪುಟಗಳು

"ಹೇಗಿದ್ದೀರಿ?" ಎಂದು ಯಾರು ಕೇಳಿದರೂ "ದೇವರ ಕೃಪೆಯಿಂದ ಚೆನ್ನಾಗಿದ್ದೇವೆ" ಎನ್ನುವುದು ನಮ್ಮ ಮನೆಯ ರೂಢಿ. ಅಜ್ಜಿ ಹಾಗೇ ಹೇಳುತ್ತಿದ್ದರು, ಅಮ್ಮ ಹಾಗೇ ಹೇಳುತ್ತಿದ್ದರು, ನಾನೂ ಹಾಗೇ ಹೇಳಿಕೊಂಡು ಬಂದೆ. ಮೂರು ವರ್ಷದ ಹಿಂದೆ ಒಂದು ಭಾನುವಾರ ಆರಾಧನೆ ಮುಗಿಸಿ ಚರ್ಚ್ ಮೆಟ್ಟಿಲು ಇಳಿಯುವಾಗಲೂ ಅದನ್ನೇ ಹೇಳಿದೆ. ಹೇಳಿದ ಮೇಲೆ ನನಗೇ ಸಿಟ್ಟು ಬಂತು. ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು ಆಗ ಎರಡು ತಿಂಗಳು. ವಾರಕ್ಕೆ ಮೂರು ಡಯಾಲಿಸಿಸ್, ಒಂದೊಂದಕ್ಕೆ ನಾಲ್ಕು ಗಂಟೆ. ಚೆನ್ನಾಗಿಲ್ಲ ಅಲ್ವಾ? ಮತ್ತೆ ಯಾಕೆ ಸುಳ್ಳು ಹೇಳಿದೆ?

ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಕಾಲದ ಕುಟುಂಬ. 1834ರಲ್ಲಿ ಇಲ್ಲಿಗೆ ಬಂದ ಮಿಶನರಿಗಳು ಶಾಲೆ ಕಟ್ಟಿದರು, ಅಚ್ಚುಕೂಟ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ನಮ್ಮ ಹಿರಿಯರು ಅಂಥ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಹೊತ್ತಿಗೆ ಸರಿಯಾಗಿ ಕೆಲಸ, ಹೊತ್ತಿಗೆ ಸರಿಯಾಗಿ ಪ್ರಾರ್ಥನೆ. ಆ ಶಿಸ್ತಿನ ಬಗ್ಗೆ ನನಗೆ ಗೌರವ ಇದೆ. ಆದರೆ ನನ್ನ ತಲೆಯಲ್ಲಿ ಅದು ಕೂಲಿ ಲೆಕ್ಕವಾಗಿ ಕೂತಿತ್ತು. ನಾವು ಸರಿಯಾಗಿದ್ದರೆ ಆಶೀರ್ವಾದ ಬರಲೇಬೇಕು. ಕಾಯಿಲೆ ಬಂದಾಗ ದೇವರು ಸಂಬಳ ಹಿಡಿದ ಹಾಗೆ ಅನಿಸಿತು.

ಅದೇ ವಾರ ಮನೆ ಪ್ರಾರ್ಥನೆಯಲ್ಲಿ ಸತ್ಯವೇದದ (ಬೈಬಲಿನ) 103ನೇ ಕೀರ್ತನೆ ಓದಿದರು. ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂಬ ಮಾತು ಬರುತ್ತದಲ್ಲ, ಅಲ್ಲಿ ಕಿವಿ ನಿಂತಿತು. ಉಪಕಾರ! ಪಕ್ಕದ ಮನೆಯವರು ಗ್ಯಾಸ್ ಸಿಲಿಂಡರ್ ಎತ್ತಿಕೊಟ್ಟರೆ "ದೊಡ್ಡ ಉಪಕಾರ ಆಯ್ತು" ಎನ್ನುತ್ತೇವೆ. ಅದೇ ಶಬ್ದ. ಸರಿ, ಮರೆಯಬಾರದು ಅಂದರೆ ಬರೆದಿಡಬೇಕು. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಬರೆಯದಿದ್ದರೆ ಯಾರ ತೋಳಿನ ಸುತ್ತೂ ನೆನಪಿರುವುದಿಲ್ಲ. ಅಳತೆ ಪುಸ್ತಕವನ್ನೇ ತಿರುಗಿಸಿ ಹಿಂದಿನ ಪುಟದಿಂದ ಶುರು ಮಾಡಿದೆ. ರಾತ್ರಿ ಮೆಷಿನ್ ಮುಚ್ಚುವ ಮೊದಲು ಒಂದೇ ಸಾಲು.

ಮೊದಲ ತಿಂಗಳು ಪೂರ್ತಿ ದಂಡ. "ಮಕ್ಕಳು, ಮನೆ, ಊಟ" ಎಂದು ದಿನವೂ ಅದೇ ಬರೆದೆ. ಆಮೇಲೆ "ಇವತ್ತು ಐದು ಬ್ಲೌಸ್ ಮುಗಿಯಿತು" ಎಂದು ಬರೆಯತೊಡಗಿದೆ. ಓದಿ ನೋಡಿದರೆ ಅದು ನನ್ನ ದುಡಿಮೆಯ ಲೆಕ್ಕ. ಸತ್ಯವೇದದಲ್ಲಿ ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಪೌಲನು ಇದನ್ನೇ ಹೇಳುತ್ತಾನೆ: ದುಡಿದವನಿಗೆ ಬರುವುದು ಕೂಲಿ, ಅದು ಕೃಪೆಯ ಲೆಕ್ಕಕ್ಕೆ ಸೇರುವುದಿಲ್ಲ. ಅಂದಿನಿಂದ ನಾನು ಸಂಪಾದಿಸದೆ, ಕೇಳದೆ ಬಂದದ್ದನ್ನು ಮಾತ್ರ ಬರೆದೆ. ಯಾರ ಕೈಯಿಂದ ಬಂತು ಎಂಬುದನ್ನೂ ಬರೆದೆ. ಈ ಎರಡನೆಯದು ಹೊಳೆದದ್ದು ಒಂದು ಬೇಸಿಗೆಯಲ್ಲಿ, ಎಳನೀರಿನಿಂದ.

ಕಾಯಿಲೆಯವರನ್ನು ನೋಡಲು ಬರುವವರು ನಮ್ಮ ಊರಲ್ಲಿ ಬೊಂಡ, ಅಂದರೆ ಎಳನೀರು, ತರದೆ ಬರುವುದಿಲ್ಲ. ಆದರೆ ಡಯಾಲಿಸಿಸ್‌ನವರಿಗೆ ಅದರಲ್ಲಿನ ಪೊಟ್ಯಾಶಿಯಂ ಅಪಾಯ. ಬಾಳೆಹಣ್ಣೂ ಬೇಡ ಎಂದಿದ್ದರು ಡಾಕ್ಟರು. ಪ್ರೀತಿಯಿಂದ ತಂದವರಿಗೆ ಹೇಗೆ ಹೇಳುವುದು? ನಾನೇ ಕುಡಿದೆ. ಒಂದು ತಿಂಗಳಲ್ಲಿ ನನ್ನ ಬ್ಲೌಸ್‌ಗಳನ್ನೇ ಬಿಚ್ಚಿ ಅಗಲ ಮಾಡಬೇಕಾಯಿತು! ಬಂದವರು ಉದ್ದುದ್ದ ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಸ್ತ್ರೀಯರ ಕೂಟದ ಒಬ್ಬರು ಅಕ್ಕ ಮಾತ್ರ ಬರಿಗೈಯಲ್ಲಿ ಬಂದರು. "ಇವರು ದಿನಕ್ಕೆ ಎಷ್ಟು ನೀರು ಕುಡಿಯಬಹುದು?" ಎಂದು ಕೇಳಿದರು. ಚಹಾ, ಗಂಜಿ ಎಲ್ಲ ಸೇರಿ ಒಂದು ಲೀಟರ್ ಎಂದೆ. ಸುಮ್ನೆ ಕೇಳಿಸಿಕೊಂಡು ಎದ್ದು ಹೋದರು. ಮರುದಿನ ಒಂದು ಸಣ್ಣ ಡಬ್ಬಿಯಲ್ಲಿ ಐಸ್ ತುಂಡು ತಂದರು. "ನೀರಾದರೆ ಒಂದೇ ಗುಟುಕಿಗೆ ಮುಗಿಯುತ್ತದೆ. ಇದನ್ನು ಚೀಪಿದರೆ ಸ್ವಲ್ಪ ಹೊತ್ತು ಬಾಯಿ ತಂಪಿರುತ್ತದೆ." ಸೆಖೆಗಾಲದಲ್ಲಿ ಇವರ ಮುಖ ನೋಡಬೇಕಿತ್ತು. ಆ ರಾತ್ರಿ ಬರೆದದ್ದು ಎರಡೇ ಶಬ್ದ: ಐಸ್, ಅಕ್ಕ.

ಹಾಗೆ ಬರೆಯುತ್ತಾ ಹೋದ ಹಾಗೆ ಕಣ್ಣು ಚುರುಕಾಯಿತು. ಡಯಾಲಿಸಿಸ್ ಸೂಜಿ ಎರಡನ್ನೂ ಮೊದಲ ಸಲಕ್ಕೇ ಸರಿಯಾಗಿ ಹಾಕಿದ ಟೆಕ್ನಿಷಿಯನ್ ಹುಡುಗ. ಮದುವೆ ಸೀಸನ್‌ನಲ್ಲಿ ನನ್ನ ಕೆಲಸ ರಾಶಿ ಬಿದ್ದಾಗ ಒಂಬತ್ತು ಬ್ಲೌಸ್ ಮನೆಗೆ ಒಯ್ದು ಹುಕ್ಕು ಹಾಕಿಕೊಟ್ಟ ಬ್ಯಾರಿ ಮುಸ್ಲಿಂ ಹೆಂಗಸು. ಅವರು ನನ್ನ ಗಿರಾಕಿ, ದುಡ್ಡು ಕೊಡುವವರು! ಲೂಕನ ಸುವಾರ್ತೆಯಲ್ಲಿ ಹತ್ತು ಕುಷ್ಠರೋಗಿಗಳು ಗುಣವಾದರೂ ಯೇಸುವಿನ ಹತ್ತಿರ ತಿರುಗಿ ಬಂದವನು ಒಬ್ಬನೇ, ಅವನೂ ಹೊರಗಿನವನು, ಸಮಾರ್ಯದವನು. ಆ ಕತೆ ಓದಿದ ಮೇಲೆ ನನಗೂ ತಿರುಗಿ ಹೋಗಬೇಕು ಅನಿಸಿತು. ಶನಿವಾರ ಆ ವಾರದ ಏಳು ಸಾಲು ನೋಡಿ, ಒಬ್ಬರಿಗಾದರೂ ಎದುರಿಗೆ ಅಥವಾ ಫೋನಿನಲ್ಲಿ ಹೇಳುತ್ತೇನೆ. ಟೆಕ್ನಿಷಿಯನ್ ಹುಡುಗನಿಗೆ ಹೇಳಿದಾಗ ನಾಚಿಕೊಂಡ. "ಅದು ನನ್ನ ಕೆಲಸ ಅಲ್ವಾ ಆಂಟಿ?" ಹೌದು, ಅವನಿಗೆ ಅದು ಸಂಬಳ. ನಮಗೆ ಕೃಪೆ.

ಎಲ್ಲ ದಿನವೂ ಹೀಗಿಲ್ಲ. ಒಮ್ಮೆ ಸೋಂಕಾಗಿ ಇವರು ಗಡಗಡ ನಡುಗಿದ ರಾತ್ರಿ ಬರೆದೆ: "ಇವತ್ತು ಏನೂ ಇಲ್ಲ. ನೀನು ಎಲ್ಲಿದ್ದೀ?" ಬರೆದ ಮೇಲೆ ಹೆದರಿಕೆ. ಹೊಡೆದು ಹಾಕೋಣ ಎಂದು ಪೆನ್ನು ಎತ್ತಿದೆ. ಆಮೇಲೆ 88ನೇ ಕೀರ್ತನೆ ನೆನಪಾಯಿತು. ಅದು ಗೋಳಿನಲ್ಲಿ ಶುರುವಾಗಿ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಸತ್ಯವೇದದಿಂದ ಅದನ್ನು ಯಾರೂ ಕಿತ್ತು ಹಾಕಿಲ್ಲ. ನನ್ನ ಸಾಲನ್ನೂ ಬಿಟ್ಟೆ. ಅಂಥವು ಈಗ ಹನ್ನೊಂದು ಇವೆ.

ಈ ವಿಷಯದಲ್ಲಿ ನನಗೆ ನಮ್ಮ ಚರ್ಚಿನವರ ಮೇಲೆ ಸ್ವಲ್ಪ ಮುನಿಸಿದೆ. ದೇವರು ಮಾಡಿದ್ದನ್ನು ಎಲ್ಲರೆದುರು ಸಾಕ್ಷಿ ಹೇಳಲು ಗುಣವಾದವರನ್ನೇ ಕರೆಯುತ್ತೇವೆ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ವಚನ ಜಲಪಾತದ ಚಿತ್ರದ ಜೊತೆ ಕ್ಯಾಲೆಂಡರಿನಲ್ಲಿ ಚೆಂದ ಕಾಣುತ್ತದೆ. ಆದರೆ ಪೌಲನು ತನ್ನ ಮುಳ್ಳನ್ನು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆಯನ್ನು, ತೆಗೆ ಎಂದು ಮೂರು ಸಲ ಬೇಡಿಕೊಂಡಾಗ, ತೆಗೆಯದೆ ಸಿಕ್ಕಿದ ಉತ್ತರ ಅದು. ಡಯಾಲಿಸಿಸ್ ವಾರ್ಡಿನ ಕುರ್ಚಿಯಲ್ಲಿ ಕೂತು ಓದಿದಾಗಲೇ ನನಗೆ ಅದು ತಿಳಿದದ್ದು.

ಇದು ನಾಲ್ಕನೇ ಪುಸ್ತಕ. ಪ್ರತಿ ಸಲವೂ ಮುಂದಿನಿಂದ ಬಂದ ಅಳತೆಗಳೂ ಹಿಂದಿನಿಂದ ಬಂದ ಸಾಲುಗಳೂ ನಡುವೆ ಎಲ್ಲೋ ಎದುರಾಗುತ್ತವೆ. ಕಳೆದ ವಾರ ಒಂದೇ ಹಾಳೆಯ ಈ ಬದಿಗೆ ಮದುಮಗಳ ಸೊಂಟದ ಅಳತೆ, ಆ ಬದಿಗೆ "ಮಳೆ, ಆಟೋದವನು ಬಾಗಿಲವರೆಗೆ ತಂದು ಬಿಟ್ಟ". ಹೊಸ ಪುಸ್ತಕಕ್ಕೆ ಅಂಗಡಿಗೆ ಹೊರಟಿದ್ದೆ. ಇವರು ಮಂಚದಿಂದಲೇ ಕೂಗಿದರು, "ಈ ಸಲ ಇನ್ನೂರು ಪುಟದ್ದೇ ತೆಕ್ಕೊ."