ಹಳೇ ಹಿಟಾಚಿಯನ್ನು ಕೆರೆಗೆ ಇಳಿಸುವುದು ಹೇಗೆ?

ಸಂಕ್ರಾಂತಿ ಕಳೆದು ಕೆರೆಯಂಗಳ ಬಿರುಕು ಬಿಡತೊಡಗಿದರೆ ಹೂಳೆತ್ತುವ ಮಾತು ಶುರುವಾಗುತ್ತದೆ. ಫೆಬ್ರುವರಿಯಿಂದ ಮೇ ಮಧ್ಯದವರೆಗೆ ಸಿಗುವ ಮೂರು-ಮೂರೂವರೆ ತಿಂಗಳಲ್ಲೇ ಕೆಲಸ ಮುಗಿಯಬೇಕು. ಆ ಅವಧಿಯಲ್ಲಿ ಬಾಡಿಗೆ ಯಂತ್ರ ಸಿಗುವುದು ಕಷ್ಟ. ಹಾಗಾಗಿ ಸಣ್ಣ ಗುತ್ತಿಗೆದಾರರು, ಕೆರೆ ಸಂಘಗಳು ಮಣ್ಣು ಅಗೆಯುವ 20 ಟನ್ ತೂಕದ ಹಳೇ ಯಂತ್ರವನ್ನೇ ಕೊಳ್ಳುವುದುಂಟು. ಯಾವ ಕಂಪನಿಯದ್ದಾದರೂ ಊರಲ್ಲಿ ಅದರ ಹೆಸರು ‘ಹಿಟಾಚಿ’. ಸರಿಯಾಗಿ ನೋಡಿ ತಂದರೆ ಏಳೆಂಟು ಸಾವಿರ ಗಂಟೆ ದುಡಿದ ಯಂತ್ರವೂ ಹೂಳಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಕಲ್ಲು ಒಡೆಯುವ ಏಟು ಇಲ್ಲಿಲ್ಲ. ಇಲ್ಲಿ ಯಂತ್ರವನ್ನು ಹಾಳು ಮಾಡುವುದು ಕೆಸರು.

ಕೊಳ್ಳುವಾಗ ಕೆಳಗಿನಿಂದ ನೋಡಿ

ಹೊಸ ಬಣ್ಣಕ್ಕೆ ಮರುಳಾಗಬೇಡಿ. ಯಂತ್ರದ ರಿಪೇರಿ ಖರ್ಚಿನ ದೊಡ್ಡ ಪಾಲು ಯಂತ್ರ ನಡೆಯುವ ಚೈನ್, ಅದರ ರೋಲರ್, ಮುಂತುದಿಯ ಗಾಲಿಯಾದ ಐಡ್ಲರ್, ಚೈನ್ ತಿರುಗಿಸುವ ಹಲ್ಲುಗಾಲಿಯಾದ ಸ್ಪ್ರಾಕೆಟ್‌ಗಳಿಗೇ ಹೋಗುತ್ತದೆ. ಸ್ಪ್ರಾಕೆಟ್‌ನ ಹಲ್ಲು ಮೊನಚಾಗಿ ಕೊಕ್ಕಿನಂತೆ ಬಾಗಿದ್ದರೆ ಅದರ ಜೊತೆ ಚೈನೂ ಮುಗಿದಿದೆ ಎಂದೇ ಅರ್ಥ. ಗ್ರೀಸ್ ತುಂಬಿ ತುಂಬಿ ಐಡ್ಲರ್ ಅನ್ನು ಪೂರ್ತಿ ಮುಂದಕ್ಕೆ ತಳ್ಳಿದ್ದರೆ ಪಿನ್ನು-ಬುಷ್ ಸವೆದು ಚೈನ್ ಉದ್ದವಾಗಿದೆ. ಇನ್ನು ಬಿಗಿ ಮಾಡಲು ಜಾಗವಿಲ್ಲ. ಯಂತ್ರದ ದೊಡ್ಡ ತೋಳಾದ ಬೂಮ್‌ನಿಂದ ಒತ್ತಿ ಒಂದು ಬದಿಯನ್ನು ನೆಲದಿಂದ ಎತ್ತಿ, ಚೈನ್ ಮೂರು ಸುತ್ತು ತಿರುಗಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಎರಡಕ್ಕೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಚೈನ್ ಓಡಿಸುವ ಒಂದು ಟ್ರಾವೆಲ್ ಮೋಟರೋ ಹೈಡ್ರಾಲಿಕ್ ಪಂಪೋ ಸೋತಿದೆ.

ಯಂತ್ರ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಕೈಯಿಟ್ಟು ನೋಡಿ, ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಚಾಲೂ ಆದ ಮೇಲೆ ಆಯಿಲ್ ಮುಚ್ಚಳ ತೆರೆಯಿರಿ: ಹೊಗೆ ಬುಸುಗುಡುತ್ತಾ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಆಯಿಲ್ ಒತ್ತಡದಿಂದ ಯಂತ್ರವನ್ನು ಆಡಿಸುವ ಹೈಡ್ರಾಲಿಕ್‌ನ ಪರೀಕ್ಷೆಯನ್ನು ಹತ್ತು ನಿಮಿಷಕ್ಕೆ ಮುಗಿಸಬೇಡಿ. ತಣ್ಣಗಿನ ಆಯಿಲ್ ದಪ್ಪವಿರುತ್ತದೆ, ಸವೆದ ಪಂಪಿನಲ್ಲೂ ಒತ್ತಡ ನಿಲ್ಲುತ್ತದೆ. ಒಂದು ಗಂಟೆ ಅಗೆಸಿ, ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಬೂಮ್, ಅದರ ತುದಿಯ ಆರ್ಮ್, ಸ್ವಿಂಗ್ (ಮೇಲ್ಭಾಗದ ತಿರುಗಾಟ) ಮೂರನ್ನೂ ಒಟ್ಟಿಗೆ ಆಡಿಸಿ. ಬೆಳಿಗ್ಗೆ ಜೋರಾಗಿದ್ದ ಯಂತ್ರ ಈಗ ತೂಕಡಿಸಿದರೆ ಪಂಪ್ ಸವೆದಿದೆ. ಬಕೆಟ್ ತುಂಬಿ, ಬೂಮ್ ಎತ್ತಿ, ಎಂಜಿನ್ ನಿಲ್ಲಿಸಿ ಐದು ನಿಮಿಷ ಕಾಯಿರಿ. ಬೂಮ್ ಕಣ್ಣಿಗೆ ಕಾಣುವಂತೆ ಇಳಿದರೆ ಸಿಲಿಂಡರಿನ ಸೀಲ್ ಅಥವಾ ವಾಲ್ವ್ ಕೆಟ್ಟಿದೆ. ಸೀಲ್ ಕಿಟ್ ದೊಡ್ಡ ಖರ್ಚಲ್ಲ, ಪಂಪ್ ದೊಡ್ಡ ಖರ್ಚು. ಯಾವುದು ಎಂದು ತಿಳಿದೇ ಬೆಲೆ ಮಾತಾಡಿ.

ಮಾಲೀಕರು ಒಪ್ಪಿದರೆ ಹೈಡ್ರಾಲಿಕ್ ರಿಟರ್ನ್ ಫಿಲ್ಟರ್ ತೆಗೆಸಿ, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಮಡಿಕೆಯ ಸಂದಿನಲ್ಲಿ ಹಿತ್ತಾಳೆ ಬಣ್ಣದ ಪುಡಿ ಮಿರುಗಿದರೆ ಅದು ಪಂಪಿನೊಳಗಿನ ಭಾಗಗಳೇ ಉದುರುತ್ತಿರುವ ಗುರುತು. ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಆ ಯಂತ್ರ ಬೇಡ. ಬಕೆಟ್ ನೆಲಕ್ಕೊತ್ತಿ ಮುಂಭಾಗ ಎತ್ತಿ ಇಳಿಸುವಾಗ ಕ್ಯಾಬಿನ್ ಇರುವ ಮೇಲ್ಭಾಗಕ್ಕೂ ಕೆಳಗಿನ ಚೌಕಟ್ಟಿಗೂ ನಡುವಿನ ತಿರುಗು ಬೇರಿಂಗ್ ‘ಟಕ್’ ಎಂದು ಕುಣಿದರೂ ಅಷ್ಟೇ. ಬೂಮ್ ಬುಡದಲ್ಲಿ, ಆರ್ಮ್ ಮೂತಿಯಲ್ಲಿ ವೆಲ್ಡಿಂಗ್ ಹೊಲಿಗೆ ಇದೆಯೇ ಎಂದು ಬೆರಳಾಡಿಸಿ ನೋಡಿ.

ಕಾಗದಪತ್ರದಲ್ಲಿ ಒಂದು ಎಚ್ಚರ. ಚೈನ್ ಮೇಲೆ ನಡೆಯುವ ಯಂತ್ರಕ್ಕೆ ಸಾಮಾನ್ಯವಾಗಿ ಆರ್‌ಟಿಓ ಆರ್‌ಸಿ ಇರುವುದಿಲ್ಲ. ಮಾಲೀಕತ್ವಕ್ಕೆ ಮೂಲ ಇನ್‌ವಾಯ್ಸೇ ಆಧಾರ. ಅದರಲ್ಲಿರುವ ಸೀರಿಯಲ್ ನಂಬರ್ ಮತ್ತು ಎಂಜಿನ್ ನಂಬರ್ ಯಂತ್ರದ ತಗಡಿನ ಮೇಲಿರುವ ನಂಬರಿಗೆ ಹೊಂದಬೇಕು. ಸಾಲ ತೀರಿದ ಬಗ್ಗೆ ಫೈನಾನ್ಸ್‌ನವರ ಎನ್‌ಓಸಿ ಇಲ್ಲದೆ ಮುಂಗಡ ಕೊಡಬೇಡಿ.

ಕೆಲಸಕ್ಕೆ ಮುಂಚಿನ ಎರಡು ದಿನ

ಹಿಂದಿನವರು ಬದಲಾಯಿಸಿದ್ದಾರೆಂಬ ಮಾತು ನಂಬದೆ ಎಂಜಿನ್ ಆಯಿಲ್, ಅದರ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಹೈಡ್ರಾಲಿಕ್ ಫಿಲ್ಟರ್‌ಗಳನ್ನು ಹೊಸದಾಗಿ ಹಾಕಿ, ಗಂಟೆ ಮೀಟರ್ ಬರೆದಿಡಿ. ಎಂಜಿನ್ ಆಯಿಲ್ ಅನ್ನು ಮುಂದೆ 250 ಗಂಟೆಗೊಮ್ಮೆ ಬದಲಿಸಿ. ಎರಡೂ ಬದಿಯ ಟ್ರಾವೆಲ್ ಗೇರ್ ಪೆಟ್ಟಿಗೆಯ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆತ ಕಾಫಿಯಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಕೆರೆಗೆ ಇಳಿಯುವ ಮೊದಲೇ ಸೀಲ್ ಹಾಕಿಸಿ. ಕೆಸರಿನ ನಡುವೆ ಗೇರ್ ಕಚ್ಚಿಕೊಂಡರೆ ಯಂತ್ರವನ್ನು ಎಳೆದು ತರುವುದೇ ಒಂದು ಕೆಲಸ.

ಚೈನ್ ಬಿಗಿ ನೆಲಕ್ಕೆ ತಕ್ಕಂತೆ ಇರಬೇಕು. ಒಂದು ಬದಿ ಎತ್ತಿದಾಗ ಚೌಕಟ್ಟಿನ ತಳದಿಂದ ಜೋತುಬಿದ್ದ ಚೈನ್‌ಗೆ ಈ ಗಾತ್ರದ ಅನೇಕ ಯಂತ್ರಗಳಲ್ಲಿ 300ರಿಂದ 335 ಮಿ.ಮೀ. ಅಂತರ ಬೇಕು, ನಿಮ್ಮ ಯಂತ್ರದ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಕೆಸರಿನಲ್ಲಿ ಸಡಿಲದ ಕಡೆಗೇ ಇಡಿ. ಮಣ್ಣು ಸ್ಪ್ರಾಕೆಟ್‌ಗೆ ಮೆತ್ತಿ ತಾನಾಗಿಯೇ ಚೈನ್ ಬಿಗಿಯಾಗುತ್ತದೆ, ಬಿಗಿಯಾಗಿದ್ದಷ್ಟೂ ಪಿನ್ನು-ಬುಷ್ ಬೇಗ ಸವೆಯುತ್ತವೆ. ಸಡಿಲ ಮಾಡುವಾಗ ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು, ಮುಖ ಅದರೆದುರು ಇಡಲೇಬಾರದು. ಒಳಗಿನ ಗ್ರೀಸ್ ಚರ್ಮ ಸೀಳುವಷ್ಟು ಒತ್ತಡದಲ್ಲಿರುತ್ತದೆ.

ಕೆರೆಯ ಕಡೆಯ ಸಿದ್ಧತೆ

ಕೆರೆ ಗ್ರಾಮ ಪಂಚಾಯಿತಿಯದ್ದೋ ಸಣ್ಣ ನೀರಾವರಿ ಇಲಾಖೆಯದ್ದೋ ತಿಳಿದು ಲಿಖಿತ ಅನುಮತಿ ಪಡೆಯಿರಿ. ಎಂಜಿನಿಯರ್ ಬಂದು ಏರಿಯ ಬುಡದಿಂದ ಎಷ್ಟು ದೂರ ಅಗೆಯಬಾರದೆಂದು ಗೆರೆ ಹಾಕಿಕೊಟ್ಟ ಮೇಲೆಯೇ ಯಂತ್ರ ಹೊತ್ತು ತರುವ ಟ್ರೈಲರ್ ಕರೆಸಿ. ಏರಿ ಬುಡದ ಮಣ್ಣೇ ಏರಿಯನ್ನು ಹಿಡಿದಿಟ್ಟಿರುವುದು. ಅಲ್ಲಿ ಅಗೆದರೆ ಕೆರೆ ತುಂಬಿದ ದಿನ ಏರಿ ಜಾರುತ್ತದೆ. ತೂಬಿನ ಸುತ್ತ, ಕೋಡಿಯ ಹತ್ತಿರವೂ ಬಕೆಟ್ ಹಾಕಬಾರದು.

ಮೊದಲ ದಿನ ಅಂಗಳದ ಆರೇಳು ಕಡೆ ಪರೀಕ್ಷೆಯ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯಲ್ಲಿ ಪದರ ಕಾಣುತ್ತದೆ: ಮೇಲೆ ಬೆಣ್ಣೆಯಂತೆ ಕತ್ತರಿಸುವ ಕಪ್ಪು-ಬೂದು ಗೋಡು (ಹೂಳು ಮಣ್ಣು), ಅದರ ಕೆಳಗೆ ಬಕೆಟ್ ಹಲ್ಲಿಗೆ ಸಿಕ್ಕಿ ಕರಕರ ಎನ್ನುವ ಗಟ್ಟಿ ನೆಲ. ಗೋಡು ಎಲ್ಲಿ ಮುಗಿಯುತ್ತದೋ ಕೆಲಸ ಅಲ್ಲಿಗೇ ಮುಗಿಯಬೇಕು. ಕೆಳಗಿನ ಜೇಡಿ ಪದರ ಒಡೆದು ಮರಳಿಗೆ ಹೋದರೆ ನೀರು ಸೋರಿ ಅಂಗಳ ಬೇಗ ಬರಿದಾಗುತ್ತದೆ. ಪ್ರತಿ ಗುಂಡಿಯ ಆಳ ಬರೆದು, ಪಕ್ಕದಲ್ಲಿ ಸುಣ್ಣದ ಗುರುತು ಹಾಕಿ, ಅದೇ ದಿನ ಮುಚ್ಚಿಬಿಡಿ.

ಅಂಗಳದ ಮೇಲೆ ಹಾದುಹೋಗುವ ಪಂಪ್‌ಸೆಟ್ ತಂತಿಗಳನ್ನು ಎಣಿಸಿ. ಈ ಗಾತ್ರದ ಬೂಮ್ ಒಂಬತ್ತು-ಹತ್ತು ಮೀಟರ್ ಎತ್ತರಕ್ಕೆ ಚಾಚುತ್ತದೆ. ತಂತಿಯ ಕೆಳಗೆ ಕೆಲಸವಿದ್ದರೆ ವಿದ್ಯುತ್ ಕಂಪನಿಯವರಿಂದ ಲೈನ್ ಬಂದ್ ಮಾಡಿಸಿಯೇ ಯಂತ್ರ ನಡೆಸಿ.

ದಿನದ ಕೆಲಸ, ದಿನದ ಲೆಕ್ಕ

ಯಂತ್ರವನ್ನು ಹೂಳಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಟಿಪ್ಪರ್ ಕೆಳಗಿನ ಗಟ್ಟಿ ನೆಲದಲ್ಲಿ ನಿಲ್ಲಲಿ. ಮೆಟ್ಟಿಲು ಟಿಪ್ಪರ್ ಡಬ್ಬದ ಅಂಚಿನಷ್ಟು ಎತ್ತರವಿದ್ದರೆ ಆಪರೇಟರ್‌ಗೆ ಡಬ್ಬದ ಒಳಗು ಕಾಣುತ್ತದೆ, ಬೂಮ್ ಸುಮ್ಮನೆ ಮೇಲಕ್ಕೆತ್ತುವ ಕೆಲಸವೂ ತಪ್ಪುತ್ತದೆ. ಯಂತ್ರ 90 ಡಿಗ್ರಿ ತಿರುಗುವ ಬದಲು 45 ಡಿಗ್ರಿಯೊಳಗೆ ಸುರಿಯುವಂತೆ ಟಿಪ್ಪರ್ ನಿಲ್ಲಿಸಿ. ಪ್ರತಿ ಬಕೆಟ್‌ಗೆ ಮೂರ್ನಾಲ್ಕು ಸೆಕೆಂಡು ಉಳಿದರೆ ದಿನಕ್ಕೆ ಎಷ್ಟಾಗುತ್ತದೆಂದು ನೀವೇ ಎಣಿಸಿ. ಸ್ಪ್ರಾಕೆಟ್ ಹಿಂಬದಿಗೆ ಇರಲಿ. ಬಕೆಟ್ ಎಂದೂ ಟಿಪ್ಪರ್ ಚಾಲಕನ ಕ್ಯಾಬಿನ್ ಮೇಲೆ ಹಾಯಬಾರದು.

0.9 ಘನ ಮೀಟರ್ ಬಕೆಟ್‌ನಲ್ಲಿ ನಿಜವಾಗಿ ಬೀಳುವುದು 0.8 ಎಂದಿಟ್ಟುಕೊಳ್ಳಿ. ಹತ್ತು ಚಕ್ರದ ಟಿಪ್ಪರ್‌ಗೆ 12 ಘನ ಮೀಟರ್ ತುಂಬುವ ಆಸೆ ಎಲ್ಲರಿಗೂ ಇರುತ್ತದೆ. ಹಸಿ ಹೂಳು ಘನ ಮೀಟರಿಗೆ 1.6 ಟನ್ ತೂಗಿದರೆ ಅದು 19 ಟನ್ ಆಗಿ, 17 ಟನ್ ಆಸುಪಾಸಿನ ಮಿತಿ ಮೀರುತ್ತದೆ. ಊರ ರಸ್ತೆಯೂ ಕಿತ್ತುಹೋಗುತ್ತದೆ. 10 ಘನ ಮೀಟರಿಗೆ, ಅಂದರೆ ಸುಮಾರು ಮೂರೂವರೆ ಯುನಿಟ್‌ಗೆ (ಯುನಿಟ್ ಎಂದರೆ 100 ಘನ ಅಡಿ) ನಿಲ್ಲಿಸಿ. ಅದಕ್ಕೆ 13 ಬಕೆಟ್ ಬೇಕು. ಬಕೆಟ್‌ಗೆ 20 ಸೆಕೆಂಡಿನಂತೆ, ಗಾಡಿ ಹಿಂದೆ-ಮುಂದೆ ಆಗುವ ಹೊತ್ತೂ ಸೇರಿ ಆರು ನಿಮಿಷ. ಗಂಟೆಯಲ್ಲಿ 50 ನಿಮಿಷ ನಿಜವಾದ ಕೆಲಸ ಎಂದರೆ ಎಂಟು ಲೋಡ್, 80 ಘನ ಮೀಟರ್. ಅಗೆದ ಹೂಳು ಕಾಲು ಭಾಗ ಉಬ್ಬಿರುವುದರಿಂದ ಅಂಗಳದಿಂದ ಕಡಿಮೆಯಾಗುವುದು 64 ಘನ ಮೀಟರ್ ಮಾತ್ರ. ದಿನಕ್ಕೆ ಎಂಟು ಗಂಟೆಯಂತೆ 20,000 ಘನ ಮೀಟರ್ ಹೂಳಿಗೆ 40 ದಿನ ಬೇಕು. ಬಿಲ್ ಅಳತೆ ಅಂಗಳದ್ದೋ ಟಿಪ್ಪರ್‌ನದ್ದೋ ಎಂದು ಕರಾರಿನಲ್ಲೇ ಬರೆಸಿ. ಕೊನೆಗೆ ಜಗಳ ಬರುವುದು ಈ ಕಾಲು ಭಾಗಕ್ಕೇ.

ಟಿಪ್ಪರ್ ಹೋಗಿ, ಸುರಿದು ಬರಲು 24 ನಿಮಿಷ, ತುಂಬಲು ಆರು ನಿಮಿಷ ಎಂದರೆ ಒಂದು ಸುತ್ತಿಗೆ 30 ನಿಮಿಷ. ಐದು ಟಿಪ್ಪರ್ ಬೇಕು. ನಾಲ್ಕೇ ಇದ್ದರೆ ಹಿಟಾಚಿ ಪ್ರತಿ ಸುತ್ತಿನಲ್ಲೂ ಆರು ನಿಮಿಷ ಸುಮ್ಮನೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಮುಂದಿನ ಲೋಡಿನ ಹೂಳು ಗುಡ್ಡೆ ಹಾಕಿಸಿ, ದಾರಿ ಮಟ್ಟ ಮಾಡಿಸಿ. ಡೀಸೆಲ್ ಗಂಟೆಗೆ 12ರಿಂದ 16 ಲೀಟರ್ ಬೀಳುತ್ತದೆ. ಕೆಲಸ ಅಷ್ಟೇ ಇದ್ದು ಡೀಸೆಲ್ ಮಾತ್ರ ಏರಿದರೆ ಏರ್ ಫಿಲ್ಟರ್ ಮೊದಲು ನೋಡಿ, ಆಮೇಲೆ ಇಂಜೆಕ್ಟರ್. ಬೇಸಗೆಯ ಕೆರೆ ದೂಳಿನಲ್ಲಿ ಫಿಲ್ಟರ್ ವಾರದೊಳಗೇ ಕಟ್ಟಿಕೊಳ್ಳುವುದುಂಟು. ರೇಡಿಯೇಟರ್ ಸಂದಿಗೂ ಒಣಹುಲ್ಲು ಸಿಕ್ಕಿ ಮಧ್ಯಾಹ್ನ ಎಂಜಿನ್ ಕಾಯುತ್ತದೆ.

ಯಂತ್ರ ಹೂತರೆ

ಮೇಲೆ ಒಣಗಿ ಬಿರಿದ ಹೂಳಿನ ಕೆಳಗೆ ಒಂದು ಮೀಟರಿನಲ್ಲೇ ಅಂಬಲಿಯಂಥ ಕೆಸರು ಇರಬಹುದು. ಹೆಜ್ಜೆಯಿಡುವ ಮುನ್ನ ಬಕೆಟ್ ಬೆನ್ನಿನಿಂದ ಮುಂದಿನ ನೆಲ ಒತ್ತಿ ನೋಡುವ ರೂಢಿ ಆಪರೇಟರ್‌ಗೆ ಇರಬೇಕು. ಚೈನ್ ಹೂಳತೊಡಗಿದರೆ ಹಿಂದೆ-ಮುಂದೆ ಆಡಿಸಬೇಡಿ. ಪ್ರತಿ ಸುತ್ತಿಗೂ ಯಂತ್ರ ಇನ್ನಷ್ಟು ಇಳಿಯುತ್ತದೆ. ಬಕೆಟ್ ಒತ್ತಿ ಒಂದು ಬದಿ ಎತ್ತಿ, ಚೈನ್ ಕೆಳಗೆ ಮರದ ದಿಮ್ಮಿ ತಳ್ಳಿ, ಇನ್ನೊಂದು ಬದಿಗೂ ಹಾಗೇ ಮಾಡಿ, ನಂತರ ಆರ್ಮ್‌ನಿಂದ ಎಳೆದುಕೊಳ್ಳುತ್ತಾ ನಿಧಾನವಾಗಿ ಹೊರಬನ್ನಿ. ಹೊಟ್ಟೆ ನೆಲಕ್ಕೆ ತಾಗಿದ್ದರೆ ಇನ್ನೊಂದು ಯಂತ್ರ ಕರೆಸಿ, ವೈರ್ ರೋಪನ್ನು ಚೈನ್ ಚೌಕಟ್ಟಿಗೆ ಸುತ್ತಿ. ಬಕೆಟ್ ಹಲ್ಲಿಗೆ ಕಟ್ಟಿದರೆ ಜಾರುತ್ತದೆ. ರೋಪ್ ತುಂಡಾದರೆ ಚಾಟಿಯಂತೆ ಬೀಸುವುದರಿಂದ ಜನ ದೂರ ನಿಲ್ಲಲಿ. ನೀರಿನ ಗುಂಡಿಗೆ ಇಳಿಯುವುದಾದರೆ ಚೈನ್‌ನ ಮೇಲಿನ ರೋಲರ್‌ಗಿಂತ ಮೇಲಕ್ಕೆ ನೀರು ಬರಕೂಡದು.

ಹಸಿ ಕೆಲಸದಲ್ಲಿ ಬಕೆಟ್ ಪಿನ್ನುಗಳಿಗೆ ಬೆಳಿಗ್ಗೆ ಒಂದು ಸಲ, ಊಟದ ಹೊತ್ತಿಗೆ ಇನ್ನೊಂದು ಸಲ ಗ್ರೀಸ್ ಹೊಡೆಯಿರಿ, ಹಳೇ ಕೆಸರು ಗ್ರೀಸ್ ಹೊರಬಿದ್ದು ಹೊಸದು ಇಣುಕುವವರೆಗೆ. ಸಂಜೆ ಚೈನ್ ಸಂದಿನ ಹೂಳನ್ನು ಹಾರೆಯಿಂದ ಕೆರೆದು ತೆಗೆಯಲೇಬೇಕು. ರಾತ್ರಿ ಒಣಗಿದರೆ ಬೆಳಿಗ್ಗೆ ಇಟ್ಟಿಗೆಯಾಗಿ ರೋಲರ್ ತಿರುಗುವುದಿಲ್ಲ; ತಿರುಗದ ರೋಲರ್ ಒಂದೇ ಬದಿ ಚಪ್ಪಟೆಯಾಗಿ ಸವೆಯುತ್ತದೆ. ಟರ್ಬೊ ತಣಿಯಲು ಐದು ನಿಮಿಷ ಖಾಲಿ ಓಡಿಸಿ ಎಂಜಿನ್ ನಿಲ್ಲಿಸಿ, ಡೀಸೆಲ್ ಟ್ಯಾಂಕ್ ರಾತ್ರಿಯೇ ತುಂಬಿಡಿ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ನೀರು ಬೆವರಿ ಡೀಸೆಲ್‌ಗೆ ಸೇರುತ್ತದೆ.

ಗೋಡು ಹೊಲಕ್ಕೆ ಹೋಗುವುದೇ ಒಳ್ಳೆಯದು, ಕೋಲಾರದ ಕಡೆಯ ಕೆಂಪು ಮರಳು ನೆಲಕ್ಕಂತೂ ಇದು ಬಂಗಾರ. ಆದರೆ ಪಟ್ಟಣದ ಚರಂಡಿ ನೀರು ಸೇರುವ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಯಾರ ಹೊಲಕ್ಕೂ ಹಾಕಬೇಡಿ.

ಬಿಟ್ಟು ಹೊರಡುವಾಗ

ಹೂಳೆತ್ತಿದ ಜಾಗದ ಅಂಚು ನೆಟ್ಟಗೆ ಗೋಡೆಯಂತೆ ನಿಂತಿದ್ದರೆ ಕೆಲಸ ಮುಗಿದಿಲ್ಲ. ನೀರು ತುಂಬಿದ ಮೇಲೆ ಆ ಅಂಚು ಕಾಣುವುದಿಲ್ಲ. ಮೊಣಕಾಲಿನ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಆಳಕ್ಕೆ ಬೀಳುತ್ತದೆ, ನೀರು ಕುಡಿಯಲು ಇಳಿದ ದನವೂ ಹಾಗೇ. ಕೊನೆಯ ಮೂರ್ನಾಲ್ಕು ದಿನವನ್ನು ಇದಕ್ಕೆಂದೇ ಮೀಸಲಿಡಿ: ಒಂದು ಅಡಿ ಆಳಕ್ಕೆ ಕನಿಷ್ಠ ಮೂರು ಅಡಿ ಹರವಿನಂತೆ ಅಂಚುಗಳನ್ನು ಇಳಿಜಾರು ಮಾಡಿಸಿ, ಬಿಡಿ ಗುಂಡಿಗಳನ್ನು ಸೇರಿಸಿ ತಳವನ್ನು ತೂಬಿನ ಕಡೆಗೆ ಮೆಲ್ಲಗೆ ಓರೆ ಮಾಡಿಸಿ. ಟಿಪ್ಪರ್ ಓಡಾಟಕ್ಕೆ ಏರಿ ಕತ್ತರಿಸಿದ್ದರೆ ಆರಾರು ಇಂಚಿನ ಪದರದಲ್ಲಿ ಮಣ್ಣು ಹಾಕಿ, ನೀರು ಚಿಮುಕಿಸಿ, ರೋಡ್ ರೋಲರ್‌ನಲ್ಲಿ ದಮ್ಮಸು ಮಾಡಿಸಿ. ಹಿಟಾಚಿ ಚೈನಿನಿಂದ ತುಳಿಸಿದರೆ ಸಾಲದು. ತೂಕವನ್ನು ಹರಡುವುದಕ್ಕೆಂದೇ ಮಾಡಿದ ಚೈನ್ ಅದು. ಇದೆಲ್ಲ ಮುಗಿದು, ಯಂತ್ರ ಒಯ್ಯುವ ಟ್ರೈಲರ್ ಮೊದಲ ದೊಡ್ಡ ಮಳೆಗೆ ಮುಂಚೆ ಬರಬೇಕು. ಒಂದು ರಾತ್ರಿಯ ಮಳೆ ಸಾಕು, ಅಂಗಳಕ್ಕೆ ಟ್ರೈಲರ್ ಇಳಿಯಲಾಗದು.