ಪ್ರಿಂಟರ್ ನೆಟ್‌ವರ್ಕಿಗೆ ಸೇರುತ್ತಿಲ್ಲವೇ? ಮೊದಲು ತಾರೀಖು ನೋಡಿ

ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರ್ ನೆಟ್‌ವರ್ಕಿನಿಂದ ಮಾಯ. ಕೇಬಲ್ ಸರಿಯಿದೆ, ಸ್ವಿಚ್ ಪೋರ್ಟಿನ ದೀಪ ಉರಿಯುತ್ತಿದೆ, ಆದರೆ ಐಪಿ ವಿಳಾಸ ಮಾತ್ರ 169.254ರಿಂದ ಶುರು. ಅಂದರೆ ವಿಳಾಸ ಹಂಚುವ ಡಿಎಚ್‌ಸಿಪಿವರೆಗೂ ತಲುಪಿಲ್ಲ. ನಮ್ಮಲ್ಲಿ ಒಳಬಿಡುವ ಮೊದಲು ಸಾಧನದ ಗುರುತು ಕೇಳುವ 802.1ಎಕ್ಸ್ ಇದೆ, ಆ ಹಂತದಲ್ಲೇ ಪೋರ್ಟ್ ತಡೆದಿದೆ.

ಇಲ್ಲಿ ಪಾಸ್‌ವರ್ಡ್ ಬದಲಿಸುತ್ತ ಕೂತರೆ ಅರ್ಧ ದಿನ ಹಾಳು. ಗುರುತು ಪರಿಶೀಲಿಸುವ ರೇಡಿಯಸ್ ಸರ್ವರಿನ ಲಾಗ್ ನೋಡಿದರೆ, ಪಾಸ್‌ವರ್ಡ್ ಕೇಳುವ ಮೊದಲೇ ಟಿಎಲ್‌ಎಸ್ ಹ್ಯಾಂಡ್‌ಶೇಕನ್ನು (ಸುರಕ್ಷಿತ ಸಂಪರ್ಕದ ಆರಂಭಿಕ ಮಾತುಕತೆ) ಪ್ರಿಂಟರೇ ಮುರಿಯುತ್ತಿತ್ತು. ಪ್ಯಾನೆಲಿನಲ್ಲಿ ತಾರೀಖು: 1 ಜನವರಿ 2000! ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದೆ. ಆ ತಾರೀಖಿಗೆ ಸರ್ವರಿನ ಗುರುತುಪತ್ರವಾದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಪ್ರಿಂಟರ್ ಅದನ್ನು ನಂಬುವುದಾದರೂ ಹೇಗೆ? ಸಮಯ ಸರಿಯಾಗಲು, ಸರ್ವರಿನಿಂದ ಸಮಯ ತರುವ ಎನ್‌ಟಿಪಿ ಬೇಕು, ಎನ್‌ಟಿಪಿಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಸರಿಯಾದ ಸಮಯ ಬೇಕು.

ಪ್ಯಾನೆಲಿನಲ್ಲೇ ತಾರೀಖು, ಸಮಯ, ಟೈಮ್ ಝೋನ್ ಮೂರನ್ನೂ ಕೈಯಾರೆ ಹಾಕಿ, ನೆಟ್‌ವರ್ಕ್ ಕೇಬಲ್ ಕಿತ್ತು 10 ಸೆಕೆಂಡ್ ಬಿಟ್ಟು ಚುಚ್ಚಿದೆ. ಮರುಕ್ಷಣ ಒಳಗೆ ಬಂತು. ಈ ನಡುವೆ ಪ್ರಿಂಟರ್ ಆಫ್ ಮಾಡಬೇಡಿ, ಗಡಿಯಾರ ಮತ್ತೆ ಹಿಂದಕ್ಕೆ ಹೋಗುತ್ತದೆ.

ಆಮೇಲೆ ಬ್ಯಾಟರಿ ಬದಲಿಸಿ. ಬೋರ್ಡಿಗೇ ಬೆಸುಗೆ ಹಾಕಿದ್ದರೆ, ದೃಢೀಕರಣದಲ್ಲಿ ಸೋತ ಸಾಧನಗಳಿಗೆಂದು ಸ್ವಿಚ್ಚಿನಲ್ಲಿ ಬೇರೆ ವಿಲ್ಯಾನ್ (ಪ್ರತ್ಯೇಕಿಸಿದ ನೆಟ್‌ವರ್ಕ್ ಭಾಗ) ಕೊಟ್ಟು, ಅದರಲ್ಲಿ ಡಿಎಚ್‌ಸಿಪಿ ಮತ್ತು ಎನ್‌ಟಿಪಿಯ ಯುಡಿಪಿ ಪೋರ್ಟ್ 123 ಮಾತ್ರ ಬಿಡಿ. ಎನ್‌ಟಿಪಿ ಸರ್ವರನ್ನು ಐಪಿ ವಿಳಾಸದಲ್ಲೇ ಬರೆಯಿರಿ, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಅಲ್ಲಿ ಸಿಗುವುದಿಲ್ಲ.

ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡಿ ಎನ್ನುವವರಿದ್ದಾರೆ. ಕೆಲಸವೇನೋ ಆಗುತ್ತದೆ, ನಕಲಿ ಸರ್ವರ್ ಇಟ್ಟವನಿಗೂ ಆಗುತ್ತದೆ.