ಮೊದಲು ಹೊಟ್ಟೆ ನೋಡಿ

ಜೇಡ್ ಅನ್ನೋ ಬೆಲೆಬಾಳುವ ಕಲ್ಲಿನಲ್ಲಿ ಮಾಡಿದ ಪುಟ್ಟ ಪ್ರಾಣಿಗಳನ್ನು ನಾನು ಕೂಡಿಡುತ್ತೇನೆ. ಮೊದಲನೆಯದು ಒಂದು ಮಲಗಿದ ನಾಯಿ. ಹಾಂಗ್‌ಕಾಂಗ್‌ಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಕೊಂಡಿದ್ದು. "ಮಿಂಗ್ ಕಾಲದ್ದು" ಅಂದರು, ಅಂದರೆ ಚೀನಾವನ್ನು 1644ರವರೆಗೆ ಆಳಿದ ಮಿಂಗ್ ರಾಜರ ಕಾಲದ್ದು. ಎಳೆ ಹಸಿರು ಬಣ್ಣ, ಕಿವಿ ಹತ್ತಿರ ಕಂದು ಕಲೆ. ಅರ್ಧ ತಿಂಗಳ ಬಾಡಿಗೆಯಷ್ಟು ದುಡ್ಡು ಎಣಿಸಿ ಕೊಟ್ಟೆ.

ಮೋಸ ಹೋಗಿದ್ದು ಗೊತ್ತಾಗಿದ್ದು ಅಡುಗೆಮನೆಯಲ್ಲಿ. ನಾಯಿಯ ತೂಕ 62 ಗ್ರಾಂ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದೆ. ನಾಯಿಗೆ ದಾರ ಕಟ್ಟಿ, ತಳ ಮುಟ್ಟದ ಹಾಗೆ ಮುಳುಗಿಸಿದೆ. ತಕ್ಕಡಿ 24 ತೋರಿಸಿತು, ಅಂದರೆ ನಾಯಿಯಷ್ಟೇ ಜಾಗ ಹಿಡಿಯುವ ನೀರಿನ ತೂಕ. 62ನ್ನು 24ರಿಂದ ಭಾಗಿಸಿದರೆ ಸುಮಾರು 2.6, ಕಲ್ಲು ನೀರಿಗಿಂತ ಅಷ್ಟು ಪಟ್ಟು ಭಾರ. ಚೀನಾದವರು ಹಿಂದಿನಿಂದ ಕೆತ್ತುತ್ತಿದ್ದ ಜೇಡ್, ಅಂದರೆ ನೆಫ್ರೈಟ್, 2.95ರ ಆಸುಪಾಸು ಬರಬೇಕು. ಜೇಡ್‌ನ ಇನ್ನೊಂದು ಬಗೆ, ಬರ್ಮಾದ ಜೇಡೈಟ್ ಆದರೆ 3.3. ನನ್ನ ನಾಯಿ ಸರ್ಪೆಂಟೈನ್, ಮೆತ್ತನೆಯ ಅಗ್ಗದ ಕಲ್ಲು. ಈಗ ಹತ್ತನೇ ಒಂದು ಗ್ರಾಂವರೆಗೂ ತೋರಿಸುವ ತಕ್ಕಡಿ ಇಟ್ಟುಕೊಂಡಿದ್ದೇನೆ. ಸಣ್ಣ ಪ್ರಾಣಿಗಳಲ್ಲಿ ಒಂದು ಗ್ರಾಂ ಆಚೀಚೆ ಆದರೂ ಲೆಕ್ಕ ಕೆಡುತ್ತೆ.

ಆದರೆ ತೂಕ ಕಲ್ಲು ಯಾವುದು ಅಂತ ಹೇಳುತ್ತೆ, ಎಷ್ಟು ಹಳೆಯದು ಅಂತ ಹೇಳಲ್ಲ. ಅದಕ್ಕೆ ನಾನು ಪ್ರಾಣಿಯನ್ನು ಮಗುಚಿ ಹೊಟ್ಟೆ ನೋಡುತ್ತೇನೆ. ನೆಫ್ರೈಟನ್ನು ಉಳಿಯಿಂದ ಕೆತ್ತೋಕೆ ಆಗಲ್ಲ. ಕಾಲಲ್ಲಿ ತುಳಿದು ತಿರುಗಿಸುವ ಚಕ್ರ, ಒದ್ದೆ ಮರಳಿನ ಪುಡಿ, ಇವೆರಡರಿಂದ ತೇಯ್ದು ತೇಯ್ದು ರೂಪ ಕೊಡುತ್ತಿದ್ದರು. ದಿನಗಟ್ಟಲೆ ಕೂತವನು ಪ್ರಾಣಿಯ ಕಾಲುಗಳ ಸಂದಿಗೂ ಹೊಳಪು ಕೊಡುತ್ತಿದ್ದ. ಈಗಿನ ವಜ್ರದ ತುದಿಯ ಮಷೀನು ಬೆನ್ನನ್ನು ಕನ್ನಡಿ ಮಾಡುತ್ತೆ, ಸಂದಿಯಲ್ಲಿ ಒರಟು ಗೀರು ಬಿಟ್ಟು ಹೋಗುತ್ತೆ. ಭೂತಗನ್ನಡಿ ಹಿಡಿದರೆ ಅದು ಚೆನ್ನಾಗಿ ಕಾಣುತ್ತೆ. ಕಂದು ಬಣ್ಣವನ್ನೂ ಅದೇ ಭೂತಗನ್ನಡಿಯಲ್ಲಿ ಪರೀಕ್ಷೆ ಮಾಡ್ತೀನಿ. ಪಶ್ಚಿಮ ಚೀನಾದ ಶಿನ್‌ಜಿಯಾಂಗ್‌ನ ಖೋತಾನ್ ಹೊಳೆಗಳಲ್ಲಿ ಉರುಳಿದ ಕಲ್ಲಿನ ಮೇಲ್ಸಿಪ್ಪೆಯ ಕಂದು ಬಣ್ಣ ಒಳಕ್ಕೆ ಹೋಗ್ತಾ ಹೋಗ್ತಾ ಮಾಸುತ್ತೆ. ಹಚ್ಚಿದ ಬಣ್ಣ ಬಿರುಕಿನಲ್ಲೇ ಗಟ್ಟಿಯಾಗಿ ಕೂತಿರುತ್ತೆ. ಇಷ್ಟೆಲ್ಲ ನೋಡಿಯೂ ಎರಡು ಸಲ ತಪ್ಪಿದ್ದೇನೆ, ಬಿಡಿ.

ಇನ್ನೊಂದು ವಿಷಯ. 1911ಕ್ಕೂ ಮುಂಚಿನ ಇಂಥ ಹಳೆಯ ವಸ್ತುಗಳನ್ನು ಚೀನಾದ ಮುಖ್ಯ ಭೂಭಾಗದಿಂದ ಹೊರಗೆ ತರೋಕೆ ಬಿಡಲ್ಲ. ಹಾಗಾಗಿ ನಾನು ಹಾಂಗ್‌ಕಾಂಗ್‌ನಲ್ಲೇ, ರಸೀದಿ ಸಮೇತ ಕೊಳ್ಳುತ್ತೇನೆ.

ನನ್ನ ಹತ್ತಿರ ಇರೋದರಲ್ಲಿ ತುಂಬಾ ಇಷ್ಟ ಆಗೋದು ಒಂದನ್ನೊಂದು ಒತ್ತಿಕೊಂಡು ಮಲಗಿರುವ ಎರಡು ಬ್ಯಾಡ್ಜರ್‌ಗಳು, ಬಿಲ ತೋಡುವ ಗಿಡ್ಡ ಕಾಲಿನ ಕಾಡುಪ್ರಾಣಿಗಳು. ಚೀನೀ ಭಾಷೆಯಲ್ಲಿ ಬ್ಯಾಡ್ಜರ್‌ಗೂ ಸಂತೋಷಕ್ಕೂ ಒಂದೇ ಉಚ್ಚಾರ, 'ಹ್ವಾನ್'. ಎರಡಿದ್ದರೆ ಜೋಡಿ ಸಂತೋಷ. ಬೂದು ಬಿಳಿ ಕಲ್ಲು, ಲೆಕ್ಕಕ್ಕೆ 2.96 ಬಂತು. ಹೊಟ್ಟೆಯಡಿ ಎಂಟೂ ಪಾದಗಳ ನಡುವೆ ಬೆರಳ ತುದಿ ಜಾರುವಷ್ಟು ನುಣುಪು. ಮಿಂಗ್ ನಂತರ ಆಳಿದ ಚಿಂಗ್ ರಾಜರ ಕಾಲದ್ದು ಅಂತ ನನ್ನ ನಂಬಿಕೆ.

ರಜೆಗೆ ಮೈಸೂರಿಗೆ ಹೋದಾಗ ಅಮ್ಮನ ಅಂಗೈಯಲ್ಲಿಟ್ಟೆ. ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದಳು.

"ಅಲ್ವೋ, ಹೆಗ್ಗಣಕ್ಕೆ ಇಷ್ಟು ದುಡ್ಡು ಕೊಟ್ಟೆಯಾ?"